ಎಳ್ಳ ಅಮಾಸಿಯ ಮೂರನೇ ದಿನ

ನಮ್ಮ ಮನೆಯಲ್ಲಿ ಜೂನ್ ಒಂದನೇ ತಾರೀಖಿಗೆ ಐದು ಜನರ ಹುಟ್ಟುಹಬ್ಬ. ನಿಮ್ಮ ಅಜ್ಜನದು, ನಿಮ್ಮಪ್ಪನದು, ದೊಡ್ಡಪ್ಪನದು, ನಿಮ್ಮ ಸೋದರತ್ತೆಯದು, ಕೊನೆಗೆ ರೇಷನ್ ಕಾರ್ಡಿನ ಪ್ರಕಾರ ನನ್ನದು. ಪ್ರತಿ ವರ್ಷ ನೀವು ಇದನ್ನು ಹೇಳಿ ಹೇಳಿ ನಗುತ್ತೀರಿ. ನಾನೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕ ಹಾಗೆ ಮಾಡುತ್ತೇನೆ. ಈ ಸಲ ನೀವು ಬರೀ ನಕ್ಕು ಬಿಡದೆ, ಅಪ್ಪ ನಿಜವಾಗಿ ಹುಟ್ಟಿದ್ದು ಯಾವತ್ತು ಎಂದು ಕೇಳಿದಿರಿ. ನನಗೆ ನೆನಪಿಲ್ಲ ಅಂದೆ.

ಅದು ಸುಳ್ಳು. ನೆನಪಿದೆ. ಆದರೆ ಆ ದಿನ ಹೇಳಬೇಕಾದರೆ ಆ ದಿನವನ್ನು ನನಗೆ ಹೇಳಿಕೊಟ್ಟವಳ ಬಗ್ಗೆಯೂ ಹೇಳಬೇಕಾಗುತ್ತದೆ. ನಾಲ್ಕು ಜನರೆದುರು ಬಾಯಿ ಬಿಟ್ಟು ಮಾತಾಡಿ ನನಗೆ ರೂಢಿಯಿಲ್ಲ. ಊರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇದರಲ್ಲಿ ತಪ್ಪು ನಡೆದದ್ದೂ ಆ ಅಕ್ಷರದಿಂದಲೇ.

ಆಕೆ ಸೂಲಗಿತ್ತಿ. ಹೆಸರು ಬರೆಯುವುದಿಲ್ಲ. ಕೋರ್ಟಿನ ಕಾಗದದಲ್ಲಿ, ಪೊಲೀಸರ ಕಾಗದದಲ್ಲಿ ಆ ಹೆಸರನ್ನು ಎಷ್ಟು ಸಲ ಬರೆದರೋ, ಇನ್ನು ಸಾಕು. ಊರೆಲ್ಲ ಆಕೆಯನ್ನು ಯವ್ವ ಎಂದೇ ಕರೆಯುತ್ತಿತ್ತು. ಮಾನವಿಗೂ ಕವಿತಾಳಕ್ಕೂ ನಡುವಿನ ಆ ಊರಿನಲ್ಲಿ ನಿಮ್ಮ ಅಜ್ಜ ಒಬ್ಬರೇ ಮಾಸ್ತರು. ನಾವಿದ್ದ ಹದಿನಾಲ್ಕು ವರ್ಷದಲ್ಲಿ ಆ ಶಾಲೆಗೆ ಬಂದ ಮಕ್ಕಳಲ್ಲಿ ಆಕೆಯ ಕೈಗೆ ಮೊದಲು ಬೀಳದವರು ಬೆರಳೆಣಿಕೆಯಷ್ಟು. ನಿಮ್ಮಪ್ಪನೂ ಆಕೆಯ ಕೈಗೆ ಬಿದ್ದವನೇ.

ಕುಳ್ಳಗೆ, ಗಟ್ಟಿಯಾಗಿದ್ದಳು. ಔಡಲೆಣ್ಣೆ ಕಾಯಿಸಿ ಅಂಗೈಗೆ ಹಾಕಿಕೊಂಡು, ಎರಡೂ ಕೈ ತಿಕ್ಕಿ, ಮೂಗಿಗೆ ಹಿಡಿದು ಮೂಸಿ ನೋಡಿದ ಮೇಲೆಯೇ ಬಸುರಿಯ ಹೊಟ್ಟೆ ಮುಟ್ಟುತ್ತಿದ್ದಳು. ಏನು ಮೂಸುತ್ತಿದ್ದಳೋ ದೇವರಿಗೇ ಗೊತ್ತು. ನೋವು ತಿನ್ನುವವಳನ್ನು ಬಯ್ಯುತ್ತಿರಲಿಲ್ಲ, ಒಳಗಿರುವ ಕೂಸನ್ನು ಬಯ್ಯುತ್ತಿದ್ದಳು. "ಎಷ್ಟೊತ್ತು ಕಾಯಿಸ್ತಿ ಲೇ, ನಿಮ್ಮವ್ವ ಇಲ್ಲಿ ಸಾಯಾಕತ್ತಾಳ, ನೀ ಒಳಗ ಆರಾಮ ಕುಂತೀದಿ" ಎಂದು ಜಗಳವಾಡುತ್ತಿದ್ದಳು. ಜೀವ ಹೋಗುವಂಥ ನೋವಿನಲ್ಲೂ ನಗು ಬರುತ್ತಿತ್ತು.

ಆಕೆ ಕೇರಿಯವಳು. ಬೇರೆ ದಿನಗಳಲ್ಲಿ ನಮ್ಮಂಥವರ ಮನೆಗೆ ಬಂದರೆ ಕಟ್ಟೆಯ ಕೆಳಗೆ ನಿಂತು ಮಾತಾಡಬೇಕು. ಹೆರಿಗೆ ಕೋಣೆಯಲ್ಲಿ ಮಾತ್ರ ಆಕೆಯದೇ ರಾಜ್ಯ. ನಮ್ಮ ಅತ್ತೆಯನ್ನೇ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಿಂಗಳು ತುಂಬುವವರೆಗೆ ದಿನಾ ಬಂದು ಕೂಸಿಗೂ ಬಾಣಂತಿಗೂ ನೀರೆರೆಯುವಳು. ತಿಂಗಳು ತುಂಬಿ, ಕೋಣೆ ಸಾರಿಸಿ, ಗೋಮೂತ್ರ ಚಿಮುಕಿಸಿದ ಮರುದಿನದಿಂದ ಅದೇ ಆಕೆ ಮತ್ತೆ ಕಟ್ಟೆಯ ಕೆಳಗೆ. ಇದು ಸರಿಯಲ್ಲ ಎಂದು ನನಗೆ ಆಗ ಅನ್ನಿಸಿತ್ತು ಎಂದು ಬರೆದರೆ ಸುಳ್ಳಾದೀತು. ಅನ್ನಿಸಿರಲಿಲ್ಲ.

ಆಕೆಗೆ ಒಂದು ಕಟ್ಟುನಿಟ್ಟು ಇತ್ತು. ಬಾಣಂತಿ ಕೋಣೆಯಲ್ಲಿ ಕಂಡದ್ದು, ಕೇಳಿದ್ದು ಯಾವುದನ್ನೂ ಹೊರಗೆ ಆಡುತ್ತಿರಲಿಲ್ಲ. ಇಂಥವರ ಕೂಸಿಗೆ ಆರು ಬೆರಳು ಇತ್ತಂತೆ ಹೌದಾ, ಇಂಥವಳು ನೋವಿನಲ್ಲಿ ಯಾರ ಹೆಸರು ಹೇಳಿದಳು ಎಂದು ಹೆಂಗಸರು ಬಾವಿಯ ಹತ್ತಿರ ಕೆದಕಿ ಕೇಳಿದರೆ, "ಕತ್ತಲಿತ್ತವ್ವ, ಕಾಣಲಿಲ್ಲ" ಅನ್ನುವಳು. ಮಟಮಟ ಮಧ್ಯಾಹ್ನದ ಹೆರಿಗೆಗೂ ಅದೇ ಉತ್ತರ. ನಿಮ್ಮಪ್ಪ ಹುಟ್ಟುವಾಗ ನಾನು ನೋವಿನಲ್ಲಿ ನಮ್ಮ ಅತ್ತೆಯನ್ನು ಬಾಯಿಗೆ ಬಂದ ಹಾಗೆ ಬಯ್ದಿದ್ದೆ. ಅತ್ತೆ ಬಾಗಿಲಿಗೆ ಕಿವಿ ಕೊಟ್ಟಿದ್ದರೂ ಸರಿಯಾಗಿ ಕೇಳಿಸಿರಲಿಲ್ಲ. ಆಕೆ ಹೊರಗೆ ಹೋಗಿ, "ನಿಮ್ಮ ಸೊಸಿ ಶಿವನ ಹೆಸರು ಬಿಟ್ಟು ಬ್ಯಾರೆ ಮಾತು ಆಡಲಿಲ್ರಿ" ಅಂದಳಂತೆ. ಅತ್ತೆ ಅದನ್ನು ಸಾಯುವವರೆಗೂ ನೆಂಟರಿಗೆಲ್ಲ ಹೇಳಿ ಹೊಗಳಿಕೊಂಡರು.

ಇನ್ನೊಂದು, ಆಕೆಯ ನೆನಪು. ಇಸವಿ ಆಕೆಗೆ ಗೊತ್ತಿರಲಿಲ್ಲ. ಹುಣ್ಣಿವೆ, ಅಮಾಸಿ, ಹೊಲದಲ್ಲಿ ಯಾವ ಬೆಳೆ ಎಷ್ಟು ಎತ್ತರ ಇತ್ತು, ಅವತ್ತು ತಾನು ಏನು ಉಂಡಿದ್ದೆ, ಇದರಿಂದ ಪ್ರತಿ ಕೂಸಿನ ದಿನ ಹೇಳುತ್ತಿದ್ದಳು. ಮೂವತ್ತು ವರ್ಷದ ಗಂಡಸನ್ನು ದಾರಿಯಲ್ಲಿ ನಿಲ್ಲಿಸಿ, "ನೀ ಕಾರಹುಣ್ಣಿವಿ ಮುಂದ ಹುಟ್ಟಿದಾವ, ಮಳಿ ಬರಲಿಲ್ಲಂತ ನಿಮ್ಮಪ್ಪ ಅಳಾಕತ್ತಿದ್ದ, ನೀ ಬಂದಿ ಅಂತ ಅಲ್ಲ" ಎಂದು ಕಾಡಿಸುವಳು. ನಿಮ್ಮ ಅಜ್ಜನನ್ನೂ ಬಿಡುತ್ತಿರಲಿಲ್ಲ.

"ಮಾಸ್ತರ, ನಿಮ್ಮ ಸಾಲ್ಯಾಗಿನ ಹುಡುಗರು ಎಲ್ಲಾ ಒಂದ ದಿನ ಹುಟ್ಯಾವಂತ. ಅವತ್ತು ನಾ ಎಷ್ಟು ಮನಿ ತಿರುಗಿರಬೇಕ್ರಿ? ನನಗ ಕೈ ಎಷ್ಟು ಅದಾವ?"

ಅಜ್ಜ ನಗುತ್ತಿದ್ದರು. ಆಗ ಎಲ್ಲ ಊರಿನ ಮಾಸ್ತರರೂ ಹಾಗೇ ಮಾಡುತ್ತಿದ್ದರು. ತಂದೆ ತಾಯಿಗೆ ತಾರೀಖು ಗೊತ್ತಿರುವುದಿಲ್ಲ, ಒಂದನೇ ಇಯತ್ತೆಗೆ ಆರು ವರ್ಷ ತುಂಬಿರಬೇಕು, ಶಾಲೆ ತೆರೆಯುವುದು ಜೂನಿನಲ್ಲಿ. ಹಿಂದಕ್ಕೆ ಆರು ವರ್ಷ ಎಣಿಸಿ ಜೂನ್ ಒಂದು ಎಂದು ಬರೆದರೆ ಮುಗಿಯಿತು. ಕೂಸು ಏಳರದೋ ಎಂಟರದೋ, ಕೇಳುವವರು ಯಾರು?

ನಿಮ್ಮಪ್ಪ ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಮುಂಜಾನೆ ಅಜ್ಜ ಶಾಲೆಯ ದಾಖಲಾತಿ ಪುಸ್ತಕ ತಂದು ಬಾಣಂತಿ ಕೋಣೆಯ ಹೊಸ್ತಿಲ ಮೇಲಿಟ್ಟರು. ಮರುದಿನ ಸಾಹೇಬರು ತಪಾಸಣೆಗೆ ಬರುವವರಿದ್ದರು. ನನ್ನ ಅಕ್ಷರ ದುಂಡಗೆ ಇರುತ್ತದೆಂದು ಪುಸ್ತಕ ಬರೆಯುವ ಕೆಲಸ ಅವರು ನನಗೇ ಕೊಡುತ್ತಿದ್ದರು. ಅದು ನನಗೂ ಹೆಮ್ಮೆ. ನಾನು ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡೆ. ಆಕೆ ಪಕ್ಕದಲ್ಲೇ ಕಾಲು ಚಾಚಿ, ನಿಮ್ಮಪ್ಪನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಅಜ್ಜ ಹೊರಗಿನಿಂದ ಹೆಸರು ಓದುವರು, ನಾನು ಬರೆಯುವೆ. ಹುಟ್ಟಿದ ದಿನ ಎಲ್ಲಕ್ಕೂ ಅದೇ.

ನಡುವೆ ಒಂದು ಹುಡುಗಿಯ ಹೆಸರು ಬಂತು. ಊರಲ್ಲಿ ದೊಡ್ಡ ಹೊಲಮನೆಯಿದ್ದ ಒಂದು ಕುಟುಂಬದ ಹಿರಿಯ ಮಗ ಹೆಂಡತಿ ಬಸುರಿ ಇದ್ದಾಗಲೇ ತೀರಿಹೋಗಿದ್ದ. ಅವನ ಮಗಳು ಅದು. ತಾಯಿ ಎರಡು ವರ್ಷ ತಡ ಮಾಡಿ ಶಾಲೆಗೆ ತಂದಿದ್ದಳು. ಸೂಲಗಿತ್ತಿ ಎಣ್ಣೆ ತಿಕ್ಕುತ್ತಲೇ ಅಂದಳು, "ಅದು ಎಳ್ಳ ಅಮಾಸಿ ಕೂಸು ಅಲ್ಲೇನ್ರಿ. ಅಪ್ಪ ಸತ್ತ ವರ್ಷದ್ದು."

ಅಜ್ಜ ಹೊರಗಿನಿಂದಲೇ ನಕ್ಕು, "ಎಳ್ಳ ಅಮಾಸಿಗೆ ಈ ಪುಸ್ತಕದಾಗ ಜಾಗ ಇಲ್ಲಬೇ" ಅಂದರು. ನಾನೂ ನಕ್ಕೆ. ನಕ್ಕು, ಚಳಿಗಾಲದ ಆ ಅಮಾಸಿಯ ಕೂಸಿಗೂ ಆರು ವರ್ಷ ಹಿಂದಿನ ಜೂನ್ ಒಂದು ಎಂದು ದುಂಡಗೆ ಬರೆದೆ. ಆ ಸಾಲಿನಿಂದ ಆ ಹುಡುಗಿ ತಂದೆ ಸತ್ತು ಎರಡೂವರೆ ವರ್ಷದ ಮೇಲೆ ಹುಟ್ಟಿದವಳಾದಳು. ಅದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಆರೇಳು ವರ್ಷದ ಮೇಲೆ. ಆ ಹುಡುಗಿಯ ತಾಯಿ ಮಗಳ ಪಾಲಿನ ಹೊಲ ಕೇಳಿ ರಾಯಚೂರಿನ ಕೋರ್ಟಿಗೆ ಹೋದಳು. ಹೊಲ ಹಿಡಿದುಕೊಂಡಿದ್ದ ಮೈದುನ, ಈ ಹುಡುಗಿ ನಮ್ಮ ಅಣ್ಣನದೇ ಅಲ್ಲ ಎಂದ. ಶಾಲೆಯ ಪುಸ್ತಕ ತರಿಸಿದ. ನನ್ನ ದುಂಡನೆಯ ಅಕ್ಷರ ಕೋರ್ಟಿನ ಮೇಜಿನ ಮೇಲೆ ಹೋಯಿತು. ನಿಮ್ಮ ಅಜ್ಜನನ್ನು ಕರೆದು, ಈ ತಾರೀಖು ಹೇಗೆ ಬರೆದಿರಿ ಎಂದು ಕೇಳಿದರು. ಮನೆಯವರು ಹೇಳಿದಂತೆ ಬರೆದದ್ದು ಎಂದು ಅವರು ಹೇಳಿ ಬಂದರು. ಮನೆಗೆ ಬಂದು ಅಂಗಿ ಬಿಚ್ಚದೆ ಹಾಗೇ ಕೂತರು. ಅವರು ಕೆಟ್ಟವರಲ್ಲ. ಅಂದಾಜಿನ ಮೇಲೆ ಬರೆದೆ ಎಂದರೆ ನೌಕರಿ ಹೋಗುತ್ತದೆ, ಅಷ್ಟೂ ವರ್ಷದ ಪುಸ್ತಕ ತೆಗೆಯುತ್ತಾರೆ, ಹೆಂಡತಿ ಕೈಯಲ್ಲಿ ಸರ್ಕಾರದ ಪುಸ್ತಕ ಬರೆಸಿದ್ದೂ ಹೊರಬೀಳುತ್ತದೆ ಎಂದು ಹೆದರಿದ್ದರು.

ತಾಯಿಯ ಕಡೆ ಸಾಕ್ಷಿ ಆಕೆಯೊಬ್ಬಳೇ. ಮೈದುನನಿಗೆ ಹೆದರಿ ಓಣಿಯವರು ಯಾರೂ ಬರಲಿಲ್ಲ. ಕೋರ್ಟಿನಲ್ಲಿ ಆಕೆ ಹೇಳಿದ್ದನ್ನು ಕೋರ್ಟಿಗೆ ಹೋಗಿದ್ದವರು ಊರಲ್ಲಿ ಎಷ್ಟೋ ಸಲ ಹೇಳಿದ್ದಾರೆ. ಎಳ್ಳ ಅಮಾಸಿ ಆಗಿ ಮೂರನೇ ದಿನ, ಮಧ್ಯಾಹ್ನ, ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಉಳಿದ ಸಜ್ಜೆ ರೊಟ್ಟಿ ಇನ್ನೂ ಕೈಯಲ್ಲಿತ್ತು, ಅಷ್ಟರಲ್ಲಿ ಕರೆ ಬಂತು ಎಂದಳಂತೆ. ವಕೀಲ ಇಸವಿ ಕೇಳಿದ. ಗೊತ್ತಿಲ್ಲ ಅಂದಳು. ಇಸವಿ ಗೊತ್ತಿಲ್ಲದವಳು ದಿನ ಹೇಗೆ ಹೇಳ್ತಿ ಎಂದು ಆತ ನಕ್ಕ.

"ಇಸವಿ ನಿಮ್ದು ಇಟ್ಕೋರಿ. ಕೂಸು ನನ್ನ ಕೈಯಾಗ ಬಿದ್ದದ್ದು" ಅಂದಳಂತೆ.

ಪುಸ್ತಕ ಗೆದ್ದಿತು. ತಾಯಿ ಸೋತಳು, ಊರಲ್ಲಿ ಅವಳ ಹೆಸರೂ ಹೋಯಿತು. ಬಾವಿಗೆ ನೀರಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಅವಳು ಅಪೀಲು ಹಾಕಿದಳು. ಅತ್ತ ಮೈದುನನ ಕಡೆಯವರು ಸುಳ್ಳು ಸಾಕ್ಷಿ ಹೇಳಿದಳೆಂದು ಸೂಲಗಿತ್ತಿಯ ಮೇಲೆಯೇ ಕೇಸು ಹಾಕಿಸಿದರು. ಜೈಲಾಗಬಹುದು ಎಂದು ಆಕೆಯ ವಕೀಲ ಹೇಳಿದ್ದನಂತೆ.

ಆಗ ಆಕೆ ನಮ್ಮ ಮನೆಗೆ ಬಂದಳು. ಅಜ್ಜ ಶಾಲೆಯಲ್ಲಿದ್ದರು, ಅತ್ತೆ ಮಲಗಿದ್ದರು. ಕಟ್ಟೆಯ ಕೆಳಗೆ ನಿಂತು ನನ್ನನ್ನು ಕರೆದಳು. ನಾನು ಅಡುಗೆ ಮನೆಯ ಬಾಗಿಲ ಹಿಂದೆ ಸರಿದು ಉಸಿರು ಹಿಡಿದು ನಿಂತೆ. ಒಳಗೆ ಬರಲು ಆಕೆಗೆ ದಾರಿ ಇರಲಿಲ್ಲ. ನನ್ನ ಹೊಟ್ಟೆಗೆ ಕೈ ಹಾಕಿ ಕೂಸು ತೆಗೆದವಳು ನನ್ನ ಅಂಗಳ ದಾಟಿ ಬರುವಂತಿರಲಿಲ್ಲ, ಅದೇ ನನಗೆ ಅವತ್ತು ಆಸರೆಯಾಯಿತು.

ಆಕೆ ಖಾಲಿ ಬಾಗಿಲಿಗೇ ಮಾತಾಡಿದಳು. ಆ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ಯವ್ವಾ, ಒಳಗ ಅದೀದಿ ಅಂತ ನನಗ ಗೊತ್ತದ. ಒಂದ ಮಾತು ಕೇಳಾಕ ಬಂದೀನಿ. ಆ ಪುಸ್ತಕದಾಗಿನ ದಿನ ಅಂದಾಜಿಂದು ಅಂತ ನೀ ಒಂದ್ ಸಲ ಹೇಳಿದ್ರ ಸಾಕು. ನಾ ಹೇಳಬಹುದಿತ್ತು, ನನ್ನ ಕಣ್ಣ ಮುಂದ ಬರದೀದಿ. ಆದ್ರ ಅದು ಬಾಣಂತಿ ಕ್ವಾಣ್ಯಾಗ ಕಂಡಿದ್ದು. ನಾ ಹೊರಗ ತರೂದಿಲ್ಲ. ಅದನ್ನ ನೀನ ತರಬೇಕು."

ನಾನು ಅಲುಗಾಡಲಿಲ್ಲ. ಆದರೆ ಬಾಗಿಲಿಗೆ ತಾಗಿ ಬಳೆ ಸದ್ದಾಯಿತು. ಆಮೇಲೆ, "ಕೂಸು ಆರಾಮ ಅದಾನಿಲ್ಲ?" ಎಂದು ನಿಮ್ಮಪ್ಪನ ಬಗ್ಗೆ ಕೇಳಿದಳು. ಅದಕ್ಕೂ ನಾನು ಹೊರಗೆ ಬರಲಿಲ್ಲ. ಹೋದಳು.

ಸಂಜೆ ನಿಮ್ಮ ಅಜ್ಜನಿಗೆ ಹೇಳಿದೆ. ಅವರು, ಹೇಳಿದ್ದು ನಾನು, ಬರೆದದ್ದು ನೀನು, ಈಗ ಬಾಯಿ ಬಿಟ್ಟರೆ ಕೋರ್ಟಿನಲ್ಲಿ ಸುಳ್ಳು ಹೇಳಿದವನು ನಾನಾಗುತ್ತೇನೆ, ಆಕೆಗೆ ಏನೂ ಆಗುವುದಿಲ್ಲ, ಮುದುಕಿಯನ್ನು ಯಾರು ಜೈಲಿಗೆ ಹಾಕುತ್ತಾರೆ ಎಂದರು. ಅದನ್ನು ನಂಬುವುದು ನನಗೆ ಬೇಕಾಗಿತ್ತು. ನಂಬಿದೆ.

ಆ ಸುಳ್ಳು ಸಾಕ್ಷಿಯ ಕೇಸಿನ ವಿಚಾರಣೆಗೆ, ಮುಂದಿನ ಪೇಶಿಗೆ ಆಕೆ ರಾಯಚೂರಿಗೆ ಹೋದಾಗ, ಶಾಲೆಯ ಪುಸ್ತಕವೇ ತಪ್ಪು ಎಂದು ಯಾವ ಧೈರ್ಯದಿಂದ ಹೇಳುತ್ತಿ ಎಂದು ಕೇಳಿದರಂತೆ. ನನಗೆ ಗೊತ್ತು, ಆದರೆ ಎಲ್ಲಿ ಕಂಡೆ ಎಂದು ಹೇಳಲು ಬರುವುದಿಲ್ಲ, ಅದು ಬಾಣಂತಿ ಮನೆಯ ಮಾತು ಎಂದಳಂತೆ. ನ್ಯಾಯಾಧೀಶರು, ಹಾಗಾದರೆ ಮುಂದಿನ ತಾರೀಖಿಗೆ ಯೋಚನೆ ಮಾಡಿಕೊಂಡು ಬಾ ಎಂದು ಬಿಟ್ಟರು. ಕೋರ್ಟಿನ ತುಂಬ ಜನ ಇದ್ದರು. ಮೈದುನನೂ ಇದ್ದ. ಈ ಮುದುಕಿ ಏನನ್ನೋ ಕಂಡಿದ್ದಾಳೆ, ಇನ್ನೂ ಹೇಳಿಲ್ಲ ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತು.

ಆ ತಾರೀಖಿಗೆ ಎರಡು ದಿನ ಮುಂಚೆ, ಮಧ್ಯಾಹ್ನ, ತಲೆಗೆ ಟವೆಲ್ ಸುತ್ತಿದ ಒಬ್ಬ ಗಂಡಸು ಆಕೆಯ ಮನೆಗೆ ಬಂದು, ಕಾಲುವೆಯಾಚೆ ಹೊಲದ ನಡುವಿನ ನಾಲ್ಕೈದು ಗುಡಿಸಲಿನ ದೊಡ್ಡಿಯಲ್ಲಿ ಒಬ್ಬಳಿಗೆ ನೋವು ಬಂದಿದೆ ಎಂದು ಕರೆದ. ಆಕೆ ಉಣ್ಣುತ್ತಿದ್ದಳಂತೆ. ತಟ್ಟೆ ಸರಿಸಿ, ಎಣ್ಣೆ ಬಟ್ಟಲು, ಹಳೆಯ ಬಟ್ಟೆ ಗಂಟು ಕಟ್ಟಿಕೊಂಡು ಹೊರಟಳು. ಸಂಜೆ ಕಾಲುವೆ ದಂಡೆಯ ಕೆಳಗೆ ಸಿಕ್ಕಳು. ತಲೆಗೆ ಏಟು ಬಿದ್ದಿತ್ತು. ಗಂಟು ಬಿಚ್ಚಿರಲಿಲ್ಲ. ಆ ದೊಡ್ಡಿಯಲ್ಲಿ ಬಸುರಿ ಹೆಂಗಸು ಯಾರೂ ಇರಲಿಲ್ಲ.

ಮಾನವಿಯಿಂದ ಪೊಲೀಸರು ಬಂದರು. ಊರು ತನ್ನೊಳಗೇ ಕಾರಣ ಹುಡುಕಿತು. ಮೈದುನನದೇ ಕೆಲಸ ಎಂದರು ಕೆಲವರು. ಅವತ್ತು ಆತ ರಾಯಚೂರಿನಲ್ಲಿದ್ದದ್ದನ್ನು ಹತ್ತು ಜನ ನೋಡಿದ್ದರು. ಅಷ್ಟು ಚೆಂದಾಗಿ ಹತ್ತು ಜನ ನೋಡುವಂತೆ ಯಾಕೆ ಇದ್ದ ಎಂದು ಅವರೇ ಮತ್ತೆ ಕೇಳಿದರು. ಬೆಳ್ಳಿ ಕಡಗಕ್ಕಾಗಿ ಕೊಂದರು ಎಂದರು ಕೆಲವರು. ಕಡಗ ಕಾಲಲ್ಲೇ ಇತ್ತು. ಎಷ್ಟು ಮನೆಗಳ ಗುಟ್ಟು ಆಕೆಯ ಹೊಟ್ಟೆಯಲ್ಲಿತ್ತೋ, ಬಾಣಂತಿ ಮನೆಯ ಮಾತು ಎಂದು ಕೋರ್ಟಿನಲ್ಲಿ ಅಂದದ್ದು ಕೇಳಿ ಬೇರೆ ಯಾವುದೋ ಮನೆಯವರು ತಮ್ಮದೇ ಎಂದು ಹೆದರಿರಬೇಕು ಎಂದ ನಮ್ಮ ಪಕ್ಕದ ಮನೆಯವಳು. ಯಾರನ್ನೋ ಹಿಡಿದರು, ಬಿಟ್ಟರು. ಸಾಕ್ಷಿ ಸಿಗಲಿಲ್ಲ.

ಆಕೆ ಬಾಯಿ ಮುಚ್ಚಿದ್ದರಿಂದ ಯಾರಿಗೆ ನೆಮ್ಮದಿ ಎಂದು ಊರೆಲ್ಲ ಲೆಕ್ಕ ಹಾಕಿತು. ನಮ್ಮ ಮನೆಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನನಗೆ ಮಾತ್ರ ಗೊತ್ತು. ಸುದ್ದಿ ಬಂದಾಗ ನಾನು ಹಿಟ್ಟು ನಾದುತ್ತಿದ್ದೆ. ಅಳು ಬರುವುದಕ್ಕಿಂತ ಮೊದಲು, ಇನ್ನು ಆಕೆ ಕಟ್ಟೆಯ ಕೆಳಗೆ ಬಂದು ನಿಲ್ಲುವುದಿಲ್ಲ ಎಂಬ ಒಂದು ಹಗುರ ಮನಸ್ಸಿಗೆ ಬಂದು ಹೋಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ಅಳು ಬಂತು. ಆದರೆ ಅದು ಬಂದದ್ದು ಮೊದಲು.

ಕೊಂದವನ ಕಾರಣ ಏನು ಎಂದು ನಾನು ಈಗಲೂ ಯೋಚಿಸುತ್ತೇನೆ, ಗೊತ್ತಾಗುವುದಿಲ್ಲ. ಆದರೆ ಇಷ್ಟು ಗೊತ್ತಾಗುತ್ತದೆ. ನಾನು ಅವತ್ತು ಕಟ್ಟೆಗೆ ಬಂದು ಹೂಂ ಅಂದಿದ್ದರೆ, ಅಂದಾಜಿನ ಮಾತು ಕೋರ್ಟಿನಲ್ಲಿ ಬಯಲಾಗುತ್ತಿತ್ತು. ಆಮೇಲೆ ಆಕೆಯನ್ನು ಕೊಂದು ಯಾರಿಗೂ ಏನೂ ಬರುತ್ತಿರಲಿಲ್ಲ. ಒಬ್ಬಳೇ ಸಾಕ್ಷಿಯಾಗಿ ಉಳಿದದ್ದಕ್ಕೆ ಆಕೆ ಸತ್ತಳು. ಒಬ್ಬಳೇ ಉಳಿಯುವಂತೆ ಮಾಡಿದವಳು ನಾನು. ಒಂದೇ ಮಾತು ಹೇಳಿ ತನ್ನ ಕೇಸಿನಿಂದ ಪಾರಾಗಬಹುದಾಗಿದ್ದ ಆಕೆ ಯಾಕೆ ಹೇಳಲಿಲ್ಲ ಎಂಬುದು ಮಾತ್ರ ಊರಲ್ಲಿ ಯಾರಿಗೂ ತಿಳಿಯಲಿಲ್ಲ. ಹಟಮಾರಿ ಮುದುಕಿ ಎಂದರು. ಆಕೆ ನನ್ನ ಕೋಣೆಯ ಬಾಗಿಲು ಕಾಯುತ್ತಿದ್ದಳು.

ತಾಯಿ ಅಪೀಲು ಬಿಟ್ಟು, ಮಗಳನ್ನು ಕರೆದುಕೊಂಡು ದೇವದುರ್ಗದ ಕಡೆಯ ತವರಿಗೆ ಹೋದಳು. ಎಂಬತ್ತರ ದಶಕದಲ್ಲಿ ನಿಮ್ಮ ಅಜ್ಜನಿಗೂ ದೇವದುರ್ಗಕ್ಕೆ ವರ್ಗವಾಯಿತು. ಅಲ್ಲಿ ಅವರು ಹೊಸ ಮಕ್ಕಳ ಹೆಸರು ಬರೆಯುವಾಗ ಓಣಿ ಓಣಿ ತಿರುಗಿ ಸೂಲಗಿತ್ತಿಯರನ್ನು ಹುಡುಕಿ ಕೇಳುತ್ತಿದ್ದರು, ಹುಣ್ಣಿವೆ ಅಮಾಸಿಯನ್ನು ಪಂಚಾಂಗದಲ್ಲಿ ನೋಡಿ ತಾರೀಖು ಹಾಕುತ್ತಿದ್ದರು. ಜೊತೆಯ ಮಾಸ್ತರರು ನಗುತ್ತಿದ್ದರು. ಪುಸ್ತಕವನ್ನು ಮತ್ತೆ ಎಂದೂ ನನ್ನ ಕೈಗೆ ಕೊಡಲಿಲ್ಲ. ಆಕೆಯ ಮಾತನ್ನೂ ನಾವಿಬ್ಬರೂ ಎಂದೂ ಎತ್ತಲಿಲ್ಲ.

ಅಲ್ಲಿಯ ಸಂತೆಯಲ್ಲಿ ಒಂದು ದಿನ, ಕಂಕುಳಲ್ಲಿ ಕೂಸು ಎತ್ತಿಕೊಂಡ ಹುಡುಗಿಯೊಬ್ಬಳು ಬಂದು ನನ್ನ ಕಾಲು ಮುಟ್ಟಿದಳು. "ಮಾಸ್ತರ ಮನಿ ಅವ್ವಾರಲ್ಲೇನ್ರಿ?" ಅಂದಳು. ಅವಳೇ. ಎಳ್ಳ ಅಮಾಸಿಯ ಮಗಳು. ಬೇರೆ ಮಾತೆಲ್ಲ ಆದ ಮೇಲೆ ಕೂಸಿನ ಬಾಯಿ ಒರೆಸುತ್ತ ಕೇಳಿದಳು, "ಆ ಯವ್ವನ್ನ ಯಾಕ ಕೊಂದಿರಬೇಕ್ರಿ? ನಮ್ಮವ್ವ ಈಗೂ ಅದನ್ನ ಕೇಳಿ ಕೇಳಿ ಅಳತಾಳ."

"ಯಾರಿಗೆ ಗೊತ್ತವ್ವ" ಅಂದೆ. ಕೂಸಿನ ಕೈಗೆ ಬಾಳೆಹಣ್ಣು ಕೊಟ್ಟು ಬಂದೆ.

ಮಕ್ಕಳೇ, ನಿಮ್ಮಪ್ಪ ಹುಟ್ಟಿದ್ದು ಬೇಸಿಗೆಯ ಕೊನೆಗೆ ಬರುವ ಆಗಿ ಹುಣ್ಣಿವೆ ಕಳೆದ ಐದನೇ ದಿನ, ಮುಂಜಾನೆ, ಹೊಲಕ್ಕೆ ಎತ್ತು ಹೊಡೆಯುವ ಹೊತ್ತಿಗೆ. ಶಾಲೆಯಲ್ಲಿ ಬರೆದದ್ದಕ್ಕಿಂತ ಒಂದು ವರ್ಷ ಮೊದಲು. ಆಕೆ ಹೇಳಿದ್ದು, ಹಾಗಾಗಿ ಸರಿಯೇ ಇರುತ್ತದೆ. ಮತ್ತು ಆ ವರ್ಷ ಆ ಊರಿನ ಶಾಲೆಯ ಪುಸ್ತಕದಲ್ಲಿ ಎಲ್ಲ ಮಕ್ಕಳ ಹುಟ್ಟಿದ ದಿನ ಬರೆದವಳು ನಾನು, ಯಾರನ್ನೂ ಕೇಳದೆ ಬರೆದದ್ದು, ಸರಿಯಾದ ದಿನ ಪಕ್ಕದಲ್ಲೇ ಕೂತು ಒಬ್ಬಳು ಹೇಳಿದರೂ ಬರೆಯದೆ ಬಿಟ್ಟದ್ದು.

ನಾನು ಹೋದ ಮೇಲೆ ಓದಿ ಎಂದು ಈ ನೋಟುಬುಕ್ಕನ್ನು ಟ್ರಂಕಿನಲ್ಲಿ ಇಡಬೇಕೆಂದಿದ್ದೆ. ಹಾಗೆ ಇಟ್ಟರೆ ಮತ್ತೊಮ್ಮೆ ಬಾಗಿಲ ಹಿಂದೆ ನಿಂತ ಹಾಗಾಗುತ್ತದೆ. ಈಗಲೇ ಓದಿ. ಓದಿ, ನನ್ನನ್ನು ದೇವದುರ್ಗಕ್ಕೆ ಕರೆದುಕೊಂಡು ಹೋಗಿ. ಆ ಹುಡುಗಿಗೂ ಈಗ ತಲೆ ಬೆಳ್ಳಗಾಗಿರಬೇಕು. ಅವಳು ಒಳಗೆ ಕರೆದರೆ ಹೋಗುತ್ತೇನೆ. ಕರೆಯದಿದ್ದರೆ ಕಟ್ಟೆಯ ಕೆಳಗೆ ನಿಂತೇ ಹೇಳುತ್ತೇನೆ.